ಏಕಾದಶಿಯ ದಿನ ಒಂದು ಬ್ಯಾಗ್ ರಕ್ತ

ಅಜ್ಜಿ ಬಿದ್ದದ್ದು ನವಮಿಯ ದಿನ. ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಎಂದರು ಆಸ್ಪತ್ರೆಯವರು. ಶುಕ್ರವಾರ ದ್ವಾದಶಿ ಎಂದು ಲೆಕ್ಕ ಹಾಕಿದ್ದು ಅಜ್ಜಿ, ಎಕ್ಸ್-ರೇ ಮೇಜಿನ ಮೇಲೆ ಮಲಗಿಕೊಂಡೇ.

"ಹಾಗಾದ್ರೆ ಹಿಂದಿನ ದಿನ ಏಕಾದಶಿ. ಒಳ್ಳೇದೇ ಆಯ್ತು ಬಿಡು, ಹೇಗೂ ಉಪವಾಸ."

"ಅಜ್ಜಿ, ಎಂಬತ್ತು ದಾಟಿದವರಿಗೆ ಏಕಾದಶಿ ಇಲ್ಲ ಅಂತ ನಿಮ್ಮ ಶಾಸ್ತ್ರಾನೇ ಹೇಳತ್ತೆ."

"ನಿಂಗೆ ನಂಬಿಕೆ ಇಲ್ಲ ಅಂತೀಯ, ಶಾಸ್ತ್ರ ಮಾತ್ರ ನನಗಿಂತ ಚೆನ್ನಾಗಿ ಓದಿದೀಯ."

ಅದು ನಿಜ. ಜಯನಗರದ ನಮ್ಮ ಮನೆಯಲ್ಲಿ ನಾನು ಶಾಸ್ತ್ರ ಓದಿದ್ದೇ ಅದನ್ನು ಸೋಲಿಸುವುದಕ್ಕೆ. ಕಾಲೇಜಿನ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ನಿಂತವಳು ನಾನು. ಎದುರಾಳಿಯ ಪುಸ್ತಕವನ್ನು ಎದುರಾಳಿಗಿಂತ ಮೊದಲು ಓದಿರಬೇಕು ಎಂಬುದು ಅಲ್ಲಿ ಕಲಿತ ಮೊದಲ ಪಾಠ. ಒಮ್ಮೆ 'ರಕ್ತದಾನ ಕಡ್ಡಾಯವಾಗಬೇಕು' ಎಂಬ ವಿಷಯದ ಪರವಾಗಿ ಮಾತಾಡಿ ಗೆದ್ದಿದ್ದೆ. ಅದುವರೆಗೆ ಒಮ್ಮೆಯೂ ರಕ್ತ ಕೊಟ್ಟಿರಲಿಲ್ಲ. ಯಾರೂ ಅದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಜ್ಜಿಯ ರಕ್ತ ಓ ನೆಗೆಟಿವ್. ಸಿಗುವುದೇ ಕಡಿಮೆ. ಒಂದು ಬ್ಯಾಗ್ ಕೈಯಲ್ಲಿ ಇಲ್ಲದೆ ಚಾಕು ಹಿಡಿಯುವುದಿಲ್ಲ ಎಂದು ಮೂಳೆ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅಪ್ಪ ಹತ್ತಾರು ಕಡೆ ಫೋನು ಮಾಡಿ, ಕೊನೆಗೆ ಬನಶಂಕರಿಯ ಒಂದು ರಕ್ತನಿಧಿಯಲ್ಲಿ ಒಂದೇ ಒಂದು ಬ್ಯಾಗ್ ಇರುವುದನ್ನು ಪತ್ತೆ ಮಾಡಿದ. ಅದು ಅವರ ಕೊನೆಯ ಬ್ಯಾಗ್, ತುರ್ತಿಗೆಂದು ಇಟ್ಟುಕೊಂಡದ್ದು. ಅದೇ ಗುಂಪಿನವರು ಒಬ್ಬರು ಬಂದು ಗುರುವಾರ ಸಂಜೆ ಆರರೊಳಗೆ ರಕ್ತ ಕೊಟ್ಟರೆ ಮಾತ್ರ, ಬದಲಿಗೆ ಆ ಬ್ಯಾಗನ್ನು ಬಿಟ್ಟುಕೊಡುತ್ತೇವೆ ಎಂದರು. ಮನೆಯಲ್ಲಿ ಓ ನೆಗೆಟಿವ್ ಇದ್ದವರು ಇಬ್ಬರೇ: ನಾನು ಮತ್ತು ಚಿಕ್ಕಪ್ಪ. ಗುರುವಾರ ಏಕಾದಶಿ.

ಚಿಕ್ಕಪ್ಪನಿಗೆ ಐವತ್ತಾರು. ಬ್ಯಾಂಕಿನ ಕೆಲಸ, ಬೆಳಿಗ್ಗೆ ಐದೂವರೆಗೆ ಪಾರ್ಕಿನಲ್ಲಿ ಆರು ಸುತ್ತು, ತಿಂಗಳಿಗೆ ಎರಡು ಸಲ ಒಂದು ತೊಟ್ಟು ನೀರೂ ಇಲ್ಲದ ಉಪವಾಸ. ಉಪನಯನದಿಂದ ಈಚೆಗೆ ಒಂದು ಏಕಾದಶಿಯನ್ನೂ ಬಿಟ್ಟವನಲ್ಲ. ಅವನನ್ನು ಕರೆದುಕೊಂಡು ಹೋಗುವ ಅಗತ್ಯವೇ ಇಲ್ಲ, ನಾನೊಬ್ಬಳೇ ಸಾಕು ಎಂದುಕೊಂಡಿದ್ದೆ. ಆದರೂ ಅವನೇ ಸ್ಕೂಟರ್ ತೆಗೆದ.

ರಕ್ತನಿಧಿಯ ಹುಡುಗಿ ನನ್ನ ಬೆರಳಿಗೆ ಚುಚ್ಚಿ, ನೀಲಿ ದ್ರಾವಣದ ಲೋಟದೊಳಗೆ ಒಂದು ಹನಿ ಬಿಟ್ಟಳು. ಹನಿ ಮುಳುಗಬೇಕು, ಆಗ ರಕ್ತದಲ್ಲಿ ಕಬ್ಬಿಣ ಸಾಕಷ್ಟಿದೆ ಎಂದರ್ಥ. ನನ್ನದು ಸ್ವಲ್ಪ ಕೆಳಗಿಳಿದು, ಏನೋ ಮರೆತವರಂತೆ ನಿಂತು, ಮತ್ತೆ ಮೇಲೆ ಬಂತು. ಯಂತ್ರಕ್ಕೆ ಹಾಕಿದರು. ಹಿಮೋಗ್ಲೋಬಿನ್ ಹನ್ನೊಂದು ಪಾಯಿಂಟ್ ಎರಡು. ಕನಿಷ್ಠ ಹನ್ನೆರಡೂವರೆ ಬೇಕಂತೆ.

"ಮೇಡಂ, ಬರೀ ಒಂದು ಪಾಯಿಂಟ್ ಚಿಲ್ಲರೆ ವ್ಯತ್ಯಾಸ," ಎಂದು ಅಲ್ಲಿನ ಡಾಕ್ಟರಮ್ಮನ ಮುಂದೆ ಕೂತೆ. "ಈ ಹನ್ನೆರಡೂವರೆ ಅನ್ನೋ ಗೆರೆ ಯಾರೋ ಎಳೆದಿದ್ದು ತಾನೇ? ಹನ್ನೆರಡು ಪಾಯಿಂಟ್ ನಾಲ್ಕು ಇದ್ದೋರು ಸತ್ತುಹೋಗ್ತಾರಾ?"

"ಸಾಯಲ್ಲಮ್ಮ."

"ಮತ್ತೆ? ನನ್ನ ರಕ್ತ, ನನ್ನ ಒಪ್ಪಿಗೆ. ಬರೆದುಕೊಡ್ತೀನಿ ಬೇಕಾದ್ರೆ."

ಆಕೆ ಬೇಸರಪಡಲಿಲ್ಲ. ದಿನಕ್ಕೆ ನಾಲ್ಕು ಜನ ಹೀಗೆ ಬರುತ್ತಾರೇನೋ. "ನೀವು ಎಷ್ಟು ಮಾತಾಡಿದ್ರೂ ಹನ್ನೊಂದೂ ಕಾಲು ಹನ್ನೆರಡೂವರೆ ಆಗಲ್ಲ. ತಲೆಸುತ್ತು ಬರತ್ತಾ ಆಗಾಗ?"

ಬರುತ್ತಿತ್ತು. ಅದನ್ನು ನಾನು ಪರೀಕ್ಷೆಯ ಒತ್ತಡ ಎಂದು ವರ್ಷಗಟ್ಟಲೆ ವಾದಿಸಿಕೊಂಡು ಬಂದಿದ್ದೆ.

"ಕಬ್ಬಿಣದ ಮಾತ್ರೆ ಬರೆದುಕೊಡ್ತೀನಿ. ಮೂರು ತಿಂಗಳು ಬಿಟ್ಟು ಬನ್ನಿ. ಜೊತೆಗೆ ಬಂದಿರೋ ಸಾರ್ ಕೊಡ್ತಾರಾ?"

ಕೊಡುತ್ತಾರೆ ಎಂದೆ. ಫಾರಂ ಕೊಟ್ಟರು. ಚಿಕ್ಕಪ್ಪ ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದ, ನಾನೇ ತುಂಬಿದೆ. ಎರಡು ಪುಟ ಸಣ್ಣ ಅಕ್ಷರದ ಪ್ರಶ್ನೆಗಳು: ಜಾಂಡೀಸ್ ಬಂದಿತ್ತೇ, ಹಚ್ಚೆ ಹಾಕಿಸಿಕೊಂಡಿದ್ದೀರಾ, ಇತ್ತೀಚೆಗೆ ಆಪರೇಷನ್, ಲಸಿಕೆ, ಹೀಗೆ. ಗಡಿಯಾರದಲ್ಲಿ ಆಗಲೇ ಎರಡು ಗಂಟೆ. ಚಿಕ್ಕಪ್ಪನ ಬದುಕು ನನಗೆ ಗೊತ್ತಿಲ್ಲದ್ದೇ? 'ಇಲ್ಲ' ಎಂಬ ಅಂಕಣದಲ್ಲಿ ಮೇಲಿನಿಂದ ಕೆಳಗಿನವರೆಗೆ ಸರಿ ಗುರುತು ಹಾಕುತ್ತಾ ಹೋದೆ. ನಿಂತದ್ದು ಒಂದೇ ಪ್ರಶ್ನೆಯಲ್ಲಿ: ಕೊನೆಯ ಊಟ ಎಷ್ಟು ಗಂಟೆಗೆ?

"ನಿನ್ನೆ ರಾತ್ರಿ ಎಂಟಕ್ಕೆ," ಎಂದ ಚಿಕ್ಕಪ್ಪ.

ಡಾಕ್ಟರಮ್ಮ ಆ ಒಂದು ಸಾಲು ನೋಡಿ ಫಾರಂ ವಾಪಸು ಕೊಟ್ಟರು. "ಖಾಲಿ ಹೊಟ್ಟೇಲಿ ತಗೊಳ್ಳಲ್ಲ ಸಾರ್. ನೀರೂ ಕುಡಿದಿಲ್ಲ ಅಂತೀರ, ಬಿದ್ದುಬಿಡ್ತೀರಿ. ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು, ಚೆನ್ನಾಗಿ ನೀರು ಕುಡಿದು, ಐದು ಗಂಟೆಗೆ ಬನ್ನಿ. ಆರಕ್ಕೆ ಮುಚ್ತೀವಿ."

ಹೊರಗೆ ಹೊಂಗೆ ಮರದ ಕೆಳಗೆ ಕಲ್ಲುಬೆಂಚು. ಅಲ್ಲಿ ಕೂತು ಚಿಕ್ಕಪ್ಪ ಬಹಳ ಮೃದುವಾಗಿ, "ನಾಳೆ ಆರು ಗಂಟೆಗೆ ಪಾರಣೆ ಮುಗಿಸಿ ಬಂದು ಕೊಟ್ರೆ?" ಎಂದ. ಪಾರಣೆ ಎಂದರೆ ದ್ವಾದಶಿಯ ಬೆಳಿಗ್ಗೆ ಹೊತ್ತು ಮೀರದಂತೆ ಉಪವಾಸ ಮುರಿಯುವ ಊಟ.

"ಇವರು ತೆಗೆಯೋದೇ ಒಂಬತ್ತಕ್ಕೆ ಚಿಕ್ಕಪ್ಪ. ಎಂಟಕ್ಕೆ ಆಪರೇಷನ್. ತಪ್ಪಿದ್ರೆ ಆ ಡಾಕ್ಟ್ರು ಮತ್ತೆ ಸಿಗೋದು ಸೋಮವಾರ. ಮುರಿದ ಮೂಳೆ ಇಟ್ಕೊಂಡು ಅಜ್ಜಿ ಇನ್ನೂ ಮೂರು ದಿನ ನರಳಬೇಕು."

"ಪೂರ್ತಿ ದೇಹ ಕೇಳು, ಕೊಡ್ತೀನಿ. ತಿನ್ನು ಅಂತ ಮಾತ್ರ ಹೇಳ್ಬೇಡ್ವೇ."

ನನಗೆ ಆಗ ಅನುಕಂಪ ಬರಬೇಕಿತ್ತು. ಬಂದದ್ದು ಹುರುಪು. ಎದುರಿಗಿದ್ದವನು ತನ್ನ ದುರ್ಬಲ ಜಾಗವನ್ನು ತಾನೇ ತೋರಿಸಿಕೊಟ್ಟಾಗ ಬರುವ ಹುರುಪು.

"ರೋಗಿಗೆ ಉಪವಾಸ ಇಲ್ಲ ಅಂತ ಇದೆಯೋ ಇಲ್ವೋ?"

"ಇದೆ. ನಾನು ರೋಗಿ ಅಲ್ವಲ್ಲ."

"ರೋಗಿ ಯಾರು?"

ಅವನು ಬಗ್ಗಿ ಚಪ್ಪಲಿ ಸರಿಮಾಡಿಕೊಂಡ.

"ಉಪವಾಸ ಯಾಕೆ ಮಾಡ್ತೀರಿ? ಪುಣ್ಯಕ್ಕೆ. ಅಂದ್ರೆ ನಿಮ್ಮ ಲಾಭಕ್ಕೆ. ನಿಮ್ಮ ಪುಣ್ಯಕ್ಕೋಸ್ಕರ ನಿಮ್ಮಮ್ಮ ಮೂರು ದಿನ ಜಾಸ್ತಿ ನೋವು ತಿನ್ನಬೇಕು. ಇದನ್ನ ಏನಂತ ಕರೀಬೇಕು, ನೀವೇ ಹೇಳಿ."

ಇದು ಅನ್ಯಾಯದ ವಾದ ಎಂದು ನನಗೆ ಗೊತ್ತಿತ್ತು. ಅವನು ಪುಣ್ಯಕ್ಕಾಗಿ ಉಪವಾಸ ಮಾಡುತ್ತಿರಲಿಲ್ಲ. ಹಲ್ಲುಜ್ಜಿದ ಹಾಗೆ ಮಾಡುತ್ತಿದ್ದ. ಆದರೆ ಸ್ಪರ್ಧೆಯಲ್ಲಿ ಬೇಕಾದ್ದು ಎದುರಾಳಿ ಸುಮ್ಮನಾಗುವುದು. ಚಿಕ್ಕಪ್ಪ ಸುಮ್ಮನಾದ. ಸ್ವಲ್ಪ ಹೊತ್ತಿಗೆ ಎದ್ದು ಪಂಚೆ ಕೊಡವಿಕೊಂಡ.

"ಅಮ್ಮಂಗೆ ಹೇಳ್ಬೇಡ."

ಪಕ್ಕದ ರಸ್ತೆಯ ದರ್ಶಿನಿಯಲ್ಲಿ ಎರಡು ಇಡ್ಲಿ ತಂದುಕೊಟ್ಟೆ. ಅವನು ಅಭ್ಯಾಸಬಲದಿಂದ ತಟ್ಟೆಯ ಸುತ್ತ ನೀರು ಬಿಡಲು ಅಂಗೈಯಲ್ಲಿ ನೀರು ತೆಗೆದುಕೊಂಡ. ಒಂದು ಕ್ಷಣ ಹಾಗೇ ನಿಂತ. ಈ ದಿನ ಯಾವ ಮಂತ್ರ ಹೇಳಿ ಊಟಕ್ಕೆ ಕೈ ಹಾಕುವುದು? ನೀರನ್ನು ಕೈತೊಳೆಯುವ ಬೇಸಿನ್ನಿಗೆ ಸುರಿದು, ಬಂದು, ಮಾತ್ರೆ ನುಂಗುವವನಂತೆ ತಿಂದ. ಕೌಂಟರಿನವನು "ಸಾರ್, ಬಿಸಿ ವಡೆ ಇದೆ, ಹಾಕ್ಲಾ?" ಎಂದು ಕೂಗಿದ. ಚಿಕ್ಕಪ್ಪ ಬೇಡವೆಂದು ನಗಲು ಪ್ರಯತ್ನಿಸಿದ.

ಐದು ಗಂಟೆಗೆ ಸರಿಯಾಗಿ ಮತ್ತೆ ಅದೇ ಕುರ್ಚಿಗಳು. ಚಿಕ್ಕಪ್ಪನ ಹನಿ ಕಲ್ಲಿನಂತೆ ಮುಳುಗಿತು. ತೂಕ ಸರಿ, ಬಿಪಿ ಸರಿ. ನಾನು ಅಪ್ಪನಿಗೆ 'ಆಯ್ತು' ಎಂದು ಮೆಸೇಜ್ ಕೂಡ ಹಾಕಿದೆ. ಡಾಕ್ಟರಮ್ಮ ಫಾರಂ ಹಿಡಿದು, ನಾನು ಗುರುತು ಹಾಕಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಬಾಯಲ್ಲಿ ಕೇಳತೊಡಗಿದರು. ಅದು ಅವರ ಪದ್ಧತಿಯಂತೆ; ಬರೆದದ್ದನ್ನು ಅವರು ನಂಬುವುದಿಲ್ಲ.

"ಒಂದು ವರ್ಷದಿಂದೀಚೆಗೆ ನಾಯಿ ಏನಾದ್ರೂ ಕಚ್ಚಿತ್ತಾ ಸಾರ್? ಇಂಜೆಕ್ಷನ್ ತಗೊಂಡಿದ್ರಾ?"

"ಹೌದಮ್ಮ, ಹೋದ ತಿಂಗಳು. ಪಾರ್ಕ್ ಗೇಟಿನ ಹತ್ರ. ಎಲ್ಲಾ ಇಂಜೆಕ್ಷನ್ನೂ ಮುಗಿಸಿದೀನಿ, ಒಂದೂ ತಪ್ಪಿಸಿಲ್ಲ." ಒಳ್ಳೆಯ ವಿದ್ಯಾರ್ಥಿಯ ಉತ್ಸಾಹದಲ್ಲಿ ಪಂಚೆಯ ಅಂಚು ಎತ್ತಿ ಕಾಲಿನ ಗಾಯದ ಕಲೆಯನ್ನೂ ತೋರಿಸಿದ.

"ಇಲ್ಲಿ 'ಇಲ್ಲ' ಅಂತ ಬರೆದಿದೆಯಲ್ಲ?"

ನಾನು ಅವನನ್ನು ನೋಡಿದೆ. "ಹೇಳಲೇ ಇಲ್ವಲ್ಲ ಚಿಕ್ಕಪ್ಪ!"

"ನಿಮ್ಮ ಚಿಕ್ಕಮ್ಮಂಗೆ ಗೊತ್ತಾದ್ರೆ ವಾಕಿಂಗ್ ಬಂದ್ ಮಾಡಿಸ್ತಿದ್ಲು. ನೀನೂ ಕೇಳಲಿಲ್ಲ." ದೂರಿನ ದನಿಯೇ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಅಷ್ಟೆ.

"ಕಚ್ಚಿಸಿಕೊಂಡು ಇಂಜೆಕ್ಷನ್ ತಗೊಂಡ್ರೆ ಒಂದು ವರ್ಷ ರಕ್ತ ಕೊಡೋ ಹಾಗಿಲ್ಲ," ಎಂದು ಡಾಕ್ಟರಮ್ಮ ಫಾರಂ ಮಡಿಸಿದರು.

ನಾನು ಎದ್ದು ನಿಂತೆ. ಆ ಲಸಿಕೆಯಲ್ಲಿರುವುದು ಸತ್ತ ವೈರಸ್, ಸತ್ತದ್ದು ರಕ್ತದಲ್ಲಿ ಹರಡುವುದಿಲ್ಲ, ಆದ್ದರಿಂದ ಈ ನಿಯಮಕ್ಕೆ ಆಧಾರವಿಲ್ಲ ಎಂದು ಒಂದೇ ಉಸಿರಿನಲ್ಲಿ ಮಂಡಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡರು.

"ಲಸಿಕೆ ಬಗ್ಗೆ ನಮಗೆ ತಕರಾರಿಲ್ಲಮ್ಮ. ನಾಯಿ ಬಗ್ಗೆ. ಅದಕ್ಕೆ ರೋಗ ಇತ್ತಾ, ಇರಲಿಲ್ವಾ? ಇವರಿಗೆ ಏನೂ ಆಗಲ್ಲ ಅಂತಾನೇ ಇಟ್ಕೊಳ್ಳಿ. ಅದನ್ನ ಇನ್ನೊಬ್ಬರ ಮೈ ಮೇಲೆ ಪರೀಕ್ಷೆ ಮಾಡಕ್ಕಾಗತ್ತಾ? ನಿಮ್ಮಜ್ಜಿಗೆ ಅಂತ ಬೇರೆ ಯಾರೋ ಹೀಗೆ ಕೊಟ್ಟಿದ್ರೆ ನೀವು ಒಪ್ತಿದ್ರಾ?"

ಒಪ್ಪುತ್ತಿರಲಿಲ್ಲ. ಮೊದಲು ಜಗಳ ತೆಗೆಯುತ್ತಿದ್ದವಳು ನಾನೇ. ಬ್ಯಾಗ್ ಗಾಜಿನ ಬಾಗಿಲಿನ ಫ್ರಿಜ್ಜಿನಲ್ಲೇ ಇತ್ತು, ನಾಲ್ಕು ಹೆಜ್ಜೆ ದೂರದಲ್ಲಿ. ಆ ಎರಡು ಪುಟದ ಪ್ರಶ್ನೆಗಳನ್ನು ಎರಡು ನಿಮಿಷ ಕೂತು ಓದಿ ಹೇಳಿದ್ದರೆ, ಇಡ್ಲಿಗೆ ಮೊದಲೇ ಗೊತ್ತಾಗುತ್ತಿತ್ತು. ಮಧ್ಯಾಹ್ನವೆಲ್ಲ ಬೇರೆ ಯಾರನ್ನಾದರೂ ಹುಡುಕಬಹುದಿತ್ತು. ನಾನು ಮಧ್ಯಾಹ್ನವೆಲ್ಲ ಗೆಲ್ಲುತ್ತಾ ಕೂತಿದ್ದೆ.

ಸ್ಕೂಟರಿನಲ್ಲಿ ಹಿಂದೆ ಕೂತು, "ಸಾರಿ ಚಿಕ್ಕಪ್ಪ," ಎಂದೆ. ಹೆಲ್ಮೆಟ್ಟಿನೊಳಗಿಂದ ಅವನು, "ಏನು?" ಎಂದ. ಮತ್ತೆ ಹೇಳಲಾಗಲಿಲ್ಲ.

ಆ ರಾತ್ರಿ ಅಪ್ಪ, ನಾನು ಎಷ್ಟು ಜನರಿಗೆ ಫೋನು ಮಾಡಿದೆವೋ. ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡಿದ್ದ ಗದಗದ ಹುಡುಗನೊಬ್ಬ ಗುಂಪು ಸರಿಯಿದೆ ಎಂದು, ರಾತ್ರಿಯೂ ತೆರೆದಿರುವ ಇನ್ನೊಂದು ರಕ್ತನಿಧಿಗೆ ಹೊರಟೇಬಿಟ್ಟಿದ್ದ; ಎರಡು ತಿಂಗಳ ಹಿಂದಷ್ಟೇ ಕೊಟ್ಟಿದ್ದಾನೆಂದು ದಾರಿಯಲ್ಲಿ ನೆನಪಾಯಿತು. ಗಂಡಸರಿಗೆ ಮೂರು ತಿಂಗಳ ಅಂತರವಿರಬೇಕು. "ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ," ಎಂದು ಅವನೇ ಕ್ಷಮೆ ಕೇಳಿದ. ಈ ಸಲ ನಾನು ವಾದಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ, ರಕ್ತ ಎಲ್ಲಿಂದಾದರೂ ಬಂದೀತೆಂದು, ಅಜ್ಜಿಗೆ ಏನೂ ಕೊಡದೆ ಕಾಯಿಸಿದರು. ಅವಳ ತುಟಿ ಒಣಗಿತ್ತು. ಪಾರಣೆಯ ಹೊತ್ತು ಮೀರುತ್ತಿದೆ ಎಂಬುದು ಅವಳಿಗೆ ಸೊಂಟಕ್ಕಿಂತ ದೊಡ್ಡ ನೋವು.

"ಈ ಡ್ರಿಪ್ಪು ಊಟದ ಲೆಕ್ಕಕ್ಕೆ ಬರತ್ತೇನೇ?"

"ಬರತ್ತೆ ಅಜ್ಜಿ."

"ನಿನಗೇನು ಗೊತ್ತು," ಎಂದು, ಮಂಚದ ಪಕ್ಕದಲ್ಲಿ ನಿಂತಿದ್ದ ಚಿಕ್ಕಪ್ಪನ ಕಡೆ ತಿರುಗಿದಳು. "ನೀನು ಹೋಗೋ. ನನಗೆ ತಪ್ಪಿತು ಅಂತ ನೀನ್ಯಾಕೆ ತಪ್ಪಿಸ್ಕೋತೀಯ? ನಿನ್ನೆಯಿಂದ ಒಂದು ತೊಟ್ಟು ನೀರಿಲ್ಲ ಹೊಟ್ಟೇಲಿ. ಮುಖ ನೋಡು ಹೇಗೆ ಬಾಡಿದೆ."

ಚಿಕ್ಕಪ್ಪ ಕಿಟಕಿಯ ಸರಳನ್ನು ನೋಡುತ್ತಾ ನಿಂತ. ಆಮೇಲೆ ಚಿಕ್ಕಮ್ಮ ಹೇಳಿದಳು, ಹಿಂದಿನ ರಾತ್ರಿಯಿಂದ ಅವನು ನಿಜವಾಗಿಯೂ ಏನೂ ಮುಟ್ಟಿರಲಿಲ್ಲವಂತೆ. ಹನ್ನೊಂದಕ್ಕೆ ನರ್ಸ್ ಬಂದು, "ಇವತ್ತಿಲ್ಲ, ಅಜ್ಜಿಗೆ ಗಂಜಿ ಕೊಡಿ," ಎಂದು ಹೇಳಿ ಹೋದಳು.

ಸೋಮವಾರ ಯಾರೋ ಗುರುತಿಲ್ಲದವರ ರಕ್ತ ಬಂತು. ಶಸ್ತ್ರಚಿಕಿತ್ಸೆ ಆಯಿತು. ಅಷ್ಟರಲ್ಲಿ ಅಜ್ಜಿಗೆ ಬೆನ್ನಲ್ಲಿ ಹುಣ್ಣಾಗಿತ್ತು, ಎದೆಯಲ್ಲಿ ಕಫ ಕಟ್ಟಿತ್ತು. ಈಗ ವಾಕರ್ ಹಿಡಿದು ನಡುಮನೆಯಿಂದ ದೇವರಮನೆಯವರೆಗೆ ಬರುತ್ತಾಳೆ, ಅದರಾಚೆಗೆ ಇಲ್ಲ. ಆ ಮೂರು ದಿನಗಳಿಂದಲೇ ಹೀಗಾಯಿತೆಂದು ಸಾಬೀತು ಮಾಡಲು ನನ್ನ ಬಳಿ ಆಧಾರವಿಲ್ಲ. ಅಲ್ಲವೆಂದು ಸಾಬೀತು ಮಾಡಲೂ ಇಲ್ಲ.

ನೋಡಲು ಬಂದವರಿಗೆಲ್ಲ ಅಜ್ಜಿ ಒಂದು ಮಾತು ಹೇಳುತ್ತಾಳೆ: "ನನ್ನ ಮಗ, ನಾನು ಅಂಥಾ ಸ್ಥಿತೀಲಿದ್ದಾಗ್ಲೂ ಏಕಾದಶಿ ಬಿಡ್ಲಿಲ್ಲ ನೋಡಿ. ಅದೇ ಕಾಯ್ತು ನನ್ನ." ಬಂದವರು ಚಿಕ್ಕಪ್ಪನ ಕಡೆ ಗೌರವದಿಂದ ನೋಡುತ್ತಾರೆ. ಅವನು ಕಾಫಿ ತರುತ್ತೇನೆಂದು ಎದ್ದು ಒಳಗೆ ಹೋಗುತ್ತಾನೆ. ನನ್ನನ್ನು ಬಲ್ಲ ಯಾರಾದರೂ, "ಏನಮ್ಮಾ, ನೀನು ಇದನ್ನೆಲ್ಲ ಒಪ್ಪಲ್ಲ ಅಲ್ವಾ?" ಎಂದು ಕೆಣಕುತ್ತಾರೆ. ಅಜ್ಜಿಯೂ ಆಸೆಯಿಂದ ನನ್ನ ಕಡೆ ನೋಡುತ್ತಾಳೆ, ಮೊದಲಿನ ಹಾಗೆ ಜಗಳಕ್ಕೆ ಬರಲಿ ಎಂದು.

ನಾನು ಅವಳ ಕಾಲಿನ ಮೇಲಿನ ಶಾಲು ಸರಿಮಾಡುತ್ತಾ ಕೂರುತ್ತೇನೆ.