ಅಂಗಿಯ ಜೇಬಿನ ಫ್ಯೂಸು

ಹೋದ ವಾರ ಕಾರಿನ ಎಡಗಡೆಯ ದೀಪ ಹತ್ತುತ್ತಿಲ್ಲವೆಂದು ಗ್ಯಾರೇಜಿಗೆ ಹೋಗಿದ್ದೆ. ಮೆಕ್ಯಾನಿಕ್ಕು ಸ್ಟೀರಿಂಗಿನ ಕೆಳಗೆ ಕೈಹಾಕಿ, ಸುಟ್ಟುಹೋಗಿದ್ದ ಫ್ಯೂಸನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟ. ಹುಣಸೆಬೀಜದಷ್ಟು ದೊಡ್ಡದಾದ, ಎರಡು ಕಾಲಿನ ನೀಲಿ ಪ್ಲಾಸ್ಟಿಕ್ಕಿನ ತುಂಡು. ಅವನು ಹೊಸದನ್ನು ಹಾಕಿ ದೀಪ ಹೊತ್ತಿಸಿ ತೋರಿಸಿದರೂ ನಾನು ಮಾತ್ರ ಕೈಯಲ್ಲಿದ್ದ ಹಳೆಯದನ್ನೇ ನೋಡುತ್ತ ನಿಂತಿದ್ದೆ. ಇಪ್ಪತ್ತು ವರ್ಷ ದಾಟಿದ ಸಿಟ್ಟು ಇನ್ನೂ ಹಾಗೇ ಇದೆ ಎಂದು ಗೊತ್ತಾಗಿ ನನಗೇ ಆಶ್ಚರ್ಯವಾಯಿತು.

ಸಿಟ್ಟು ಕೆಳಮನೆಯವರ ಮೇಲೆ. ಅವರ ಹೆಸರು ಬರೆಯುವಷ್ಟು ಪ್ರೀತಿ ನನಗಿಲ್ಲ. ಡಾಟ್‌ಕಾಂ ಕಂಪನಿಗಳ ಕುಣಿತ ಜೋರಾಗಿದ್ದ ಕಾಲ, ನಾನು ಹೊರದೇಶಕ್ಕೆ ಬಂದ ಹೊಸತು. ಸನ್ನಿವೇಲಿನ ಅಪಾರ್ಟ್‌ಮೆಂಟಿನಲ್ಲಿ ನಾನು ಮಹಡಿಯ ಮೇಲೆ ಒಬ್ಬಳೇ ಇದ್ದೆ. ಕೆಳಗಿನ ಮನೆಯಲ್ಲಿ ಹೆಂಡತಿ, ಪುಟ್ಟ ಮಗಳ ಜೊತೆ ಅವರಿದ್ದರು. ಮಂಗಳೂರಿನ ಕಡೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ನಮ್ಮಿಬ್ಬರ ಆಫೀಸೂ ಫಾಸ್ಟರ್ ಸಿಟಿಯಲ್ಲಿತ್ತು. ನನಗೆ ಕಾರೂ ಇರಲಿಲ್ಲ, ಲೈಸೆನ್ಸೂ ಇರಲಿಲ್ಲ. "ಬನ್ನಿ, ಹೇಗೂ ಹೋಗುವುದಲ್ವಾ" ಎಂದು ಅವರೇ ಕರೆದಾಗ ದೇವರಂಥ ಮನುಷ್ಯ ಎಂದುಕೊಂಡೆ. ಕಾರಿನಲ್ಲಿ ಇಬ್ಬರಿದ್ದರೆ ಫ್ರೀವೇಯ ಕಾರ್‌ಪೂಲ್ ಲೇನಿನಲ್ಲಿ ಹೋಗಬಹುದು, ಒಬ್ಬರೇ ಇದ್ದರೆ ಉಳಿದವರ ಜೊತೆ ಆಮೆಯಂತೆ ತೆವಳಬೇಕು ಎನ್ನುವುದು ನನಗೆ ಆಮೇಲೆ ತಿಳಿಯಿತು. ಅವರಿಗೆ ಬೇಕಾಗಿದ್ದದ್ದು ಪಕ್ಕದ ಸೀಟಿನಲ್ಲಿ ಒಂದು ತಲೆ.

ಆ ಕಾರಿನಲ್ಲಿ ರೇಡಿಯೋ ಹಾಡುತ್ತಿರಲಿಲ್ಲ, ಏಸಿ ಬೀಸುತ್ತಿರಲಿಲ್ಲ. ಚಳಿಗಾಲದ ಬೆಳಿಗ್ಗೆ ಗಾಜಿನ ಒಳಗೆಲ್ಲ ಮಂಜು ಕಟ್ಟಿದರೆ ಫ್ಯಾನು ಹಾಕುವ ಬದಲು ಒಂದು ಹಳೆಯ ಬನಿಯನ್ನನ್ನು ನನ್ನ ಕೈಗೆ ಕೊಡುತ್ತಿದ್ದರು. ಫಾಸ್ಟರ್ ಸಿಟಿಯವರೆಗೂ ನಾನು ಗಾಜು ಒರೆಸಬೇಕು. ಕರೆಂಟು ಬಳಸಿದರೆ ಗ್ಯಾಸು, ಅಂದರೆ ಪೆಟ್ರೋಲು, ಸುಡುತ್ತದೆ ಎನ್ನುವುದೇ ಅವರ ಧರ್ಮ. ಸಂಬಳಕ್ಕೇನೂ ಕೊರತೆಯಿರಲಿಲ್ಲ, ಷೇರುಗಳೂ ಇದ್ದವು. ಅದು ಬಡತನವಲ್ಲ, ಖಯಾಲಿ.

ಆ ಖಯಾಲಿಗೆ ತುಪ್ಪ ಸುರಿದವಳು ನಾನೇ. ಅದನ್ನೂ ಒಪ್ಪಿಕೊಳ್ಳಬೇಕು. ನಾನು ಓದಿದ್ದು ಎಲೆಕ್ಟ್ರಿಕಲ್, ಇಷ್ಟವಾಗಿದ್ದದ್ದು ಮೋಟಾರು, ಜನರೇಟರು. ಮಾಡುತ್ತಿದ್ದದ್ದು ಮಾತ್ರ ಇಂಟರ್ನೆಟ್ಟಿನಲ್ಲಿ ಮದುವೆ ಉಡುಗೊರೆ ಮಾರುವ ಕಂಪನಿಯೊಂದರ ವೆಬ್‌ಸೈಟಿನಲ್ಲಿ ತಪ್ಪು ಹುಡುಕುವ ಕೆಲಸ. ಒಂದು ದಿನ ಅವರು, "ನೀವು ಇಂಜಿನಿಯರ್ ಅಲ್ವಾ? ಈ ಹೆಡ್‌ಲೈಟು ಎಷ್ಟು ಗ್ಯಾಸು ತಿನ್ತದೆ, ಲೆಕ್ಕ ಮಾಡಿ ಹೇಳಿ ನೋಡುವ" ಎಂದರು. ನನ್ನ ಓದಿನ ಬಗ್ಗೆ ಯಾರೋ ಕೇಳಿದರಲ್ಲ ಎಂದು ಉಬ್ಬಿಹೋದೆ. ಎರಡು ದೀಪ, ಒಂದೊಂದಕ್ಕೆ ಐವತ್ತೈದು ವ್ಯಾಟು. ಆ ಕರೆಂಟು ಹುಟ್ಟಿಸುವುದು ಆಲ್ಟರ್ನೇಟರು, ಅದನ್ನು ತಿರುಗಿಸುವುದು ಎಂಜಿನ್ನು, ನಡುವೆ ಬಿಸಿಯಾಗಿ ಸೋರಿಹೋಗುವುದೇ ಹೆಚ್ಚು. ಎಲ್ಲ ಕೂಡಿಸಿ ಕಳೆದು, ನೂರರಲ್ಲಿ ಸುಮಾರು ಒಂದು ಪಾಲು, ಒಂದು ಟ್ಯಾಂಕಿಗೆ ಎರಡು ಲೋಟ ಇರಬಹುದು ಅಷ್ಟೇ ಎಂದೆ. ಇಷ್ಟು ಕಮ್ಮಿ, ತಲೆ ಕೆಡಿಸಿಕೊಳ್ಳಬೇಡಿ ಎನ್ನುವುದು ನನ್ನ ಅರ್ಥ.

"ಎರಡು ಲೋಟ ಉಂಟಲ್ಲ ಮತ್ತೆ?" ಎಂದರು ಕೆಳಮನೆಯವರು.

ಅವರದು ಎಂಜಿನ್ ಶುರುವಾದ ಕೂಡಲೇ ದೀಪಗಳು ತಾವಾಗಿ ಹತ್ತಿಕೊಳ್ಳುವ ಕಾರು, ಆರಿಸಲು ಸ್ವಿಚ್ಚಿಲ್ಲ. ಮಾರನೇ ದಿನದಿಂದ ಬೆಳಿಗ್ಗೆ ಹೊರಡುವ ಮುಂಚೆ ದೀಪದ ಫ್ಯೂಸನ್ನೇ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳತೊಡಗಿದರು. ಸಂಜೆ ಕತ್ತಲಾದಾಗ ಜೇಬಿನಿಂದ ತೆಗೆದು, ಬಗ್ಗಿ, ಮತ್ತೆ ಸಿಕ್ಕಿಸುತ್ತಿದ್ದರು. ಸಂಧ್ಯಾವಂದನೆಯಾದರೂ ಒಮ್ಮೊಮ್ಮೆ ತಪ್ಪುತ್ತಿತ್ತೇನೋ, ಇದು ತಪ್ಪುತ್ತಿರಲಿಲ್ಲ.

ಡ್ರೈವಿಂಗ್ ಕಲಿಸಿದ್ದು ಅವರೇ. ಇಲ್ಲ ಎನ್ನುವುದಿಲ್ಲ. ಮೂರು ತಿಂಗಳು, ಪ್ರತಿ ಶನಿವಾರ ಬೆಳಿಗ್ಗೆ, ಖಾಲಿ ಆಫೀಸುಗಳ ಪಾರ್ಕಿಂಗ್ ಲಾಟಿನಲ್ಲಿ ಒಂದು ದಿನವೂ ರೇಗದೆ ಕಲಿಸಿದರು. ಅಷ್ಟರಲ್ಲಿ ನನಗೆ ಫ್ರೀಮಾಂಟಿನ ಸಣ್ಣದೊಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮೋಟಾರಿನ ಕಂಟ್ರೋಲರು ಮಾಡುವ ಕಂಪನಿ... ಓದುವಾಗಿನಿಂದ ನಾನು ಬಯಸಿದ್ದ ಕೆಲಸ. ಗಿರಾಕಿಗಳ ಫ್ಯಾಕ್ಟರಿಗೆ ಓಡಾಡಬೇಕಾದ್ದರಿಂದ ತಿಂಗಳ ಕೊನೆಯೊಳಗೆ ಲೈಸೆನ್ಸು ಬೇಕು ಎಂಬುದೊಂದೇ ಷರತ್ತು. ಸುದ್ದಿ ಹೇಳಿದಾಗ ಕೆಳಮನೆಯವರು "ಹಾಗಾದರೆ ನಮ್ಮ ಲೇನಿನ ಗತಿ?" ಎಂದು ನಕ್ಕರು. ನಾನೂ ನಕ್ಕೆ. ಪರೀಕ್ಷೆಗೆ ಡ್ರೈವಿಂಗ್ ಸ್ಕೂಲಿನ ಕಾರು ಕೇಳುತ್ತೇನೆ ಎಂದರೆ, "ನಮ್ಮ ಕಾರು ಸತ್ತಿದೆಯಾ?" ಎಂದು ಬಾಯಿ ಮುಚ್ಚಿಸಿದರು.

ಡಿಸೆಂಬರಿನ ಒಂದು ಮಧ್ಯಾಹ್ನ ಪರೀಕ್ಷೆ. ಜಡಿಮಳೆ. ಹಗಲು ದೀಪವಿಲ್ಲದೆ ಓಡಿಸಿ ಓಡಿಸಿ ಕಾರಿಗೆ ದೀಪವೆಂಬುದೊಂದು ಇದೆ ಎನ್ನುವುದನ್ನೇ ನಾನು ಮರೆತಿದ್ದೆ. ಲೈಸೆನ್ಸು ಕೊಡುವ ಡಿಎಂವಿಯ ಆಫೀಸಿನಿಂದ ಪರೀಕ್ಷೆ ಮಾಡಲು ಕೊಡೆ ಹಿಡಿದು ಬಂದ ಹೆಂಗಸು ಕಾರಿನ ಮುಂದೆ ನಿಂತು, ಮಳೆ ಬರುತ್ತಿದೆ, ಹೆಡ್‌ಲೈಟ್ ಹಾಕಿ ಎಂದಳು. ಎಂಜಿನ್ ಶುರುಮಾಡಿದೆ. ದೀಪ ಹತ್ತಲಿಲ್ಲ. ಒಂದೇ ನಿಮಿಷ ಎಂದು ಅಂಗಲಾಚಿ, ಆಫೀಸಿನ ಬಾಗಿಲ ಬಳಿ ನಿಂತಿದ್ದ ಕೆಳಮನೆಯವರ ಹತ್ತಿರ ಓಡಿದೆ.

"ಸಾರ್, ಫ್ಯೂಸು ಕೊಡಿ, ಬೇಗ."

ಅವರು ಜೇಬು ಮುಟ್ಟಿಯೂ ನೋಡಲಿಲ್ಲ. "ಫ್ಯೂಸಾ? ಅದು ಬೆಳಿಗ್ಗೆಯ ಅಂಗಿಯಲ್ಲಿ ಉಳಿಯಿತು ಕಾಣ್ತದೆ" ಎಂದರು.

ಕಾರು ಪರೀಕ್ಷೆಗೆ ಲಾಯಕ್ಕಿಲ್ಲ ಎಂದು ಬರೆದು ಆ ಹೆಂಗಸು ಕಾಗದ ಕೊಟ್ಟಳು. ಮುಂದಿನ ದಿನಾಂಕ ಸಿಕ್ಕಿದ್ದು ಐದು ವಾರದ ನಂತರ. ವಾಪಸು ಬರುವಾಗ ಅವರು ಓಡಿಸುತ್ತಿದ್ದರು, ನಾನು ಅಳು ನುಂಗಿಕೊಂಡು ಬನಿಯನ್ನಿನಲ್ಲಿ ಗಾಜು ಒರೆಸುತ್ತಿದ್ದೆ. ನಾಲ್ಕೂವರೆಗೇ ಕತ್ತಲು ಕವಿಯಿತು. ಎಂದಿನಂತೆ ಕಾರನ್ನು ರಸ್ತೆಯಂಚಿಗೆ ನಿಲ್ಲಿಸಿದರು. ಎಂದಿನಂತೆ ಅವರ ಬಲಗೈ ತಾನಾಗಿ ಅಂಗಿಯ ಜೇಬಿಗೆ ಹೋಗಿ, ಫ್ಯೂಸನ್ನು ತೆಗೆದು, ಸ್ಟೀರಿಂಗಿನ ಕೆಳಗೆ ಸಿಕ್ಕಿಸಿತು. ದೀಪ ಹತ್ತಿತು. ಆಮೇಲೆ ಅವರಿಗೆ ಹೊಳೆಯಿತು. ಕೈ ಹಾಗೇ ನಿಂತಿತು.

"ಓ... ಇಲ್ಲೇ ಇತ್ತು ನೋಡಿ" ಎಂದರು.

ದೊಡ್ಡವರು, ನಮ್ಮ ಕಡೆಯವರು, ಕಲಿಸಿದವರು... ಬಾಯಿಗೆ ಬಂದದ್ದನ್ನೆಲ್ಲ ನುಂಗಿದೆ. ಅದು ನನ್ನ ಹೇಡಿತನ, ಸಂಸ್ಕಾರ ಅಲ್ಲ. ಮರುದಿನದಿಂದ ರೈಲು, ಬಸ್ಸು ಹಿಡಿದು ಒಂದೂವರೆ ಗಂಟೆ ಓಡಾಡಿದೆ. ಫ್ರೀಮಾಂಟಿನವರು ಎರಡು ವಾರ ಕಾದು ಬೇರೊಬ್ಬರನ್ನು ತೆಗೆದುಕೊಂಡರು. ಮುಂದೆ ಡಾಟ್‌ಕಾಂ ಕುಸಿದಾಗ ಉಡುಗೊರೆ ಕಂಪನಿಯೂ ಮುಚ್ಚಿತು. ಸಿಕ್ಕಿದ ಕೆಲಸಕ್ಕೆ ಸೇರಿದೆ, ಅದರಲ್ಲೇ ಮೇಲೆ ಬಂದೆ, ಚೆನ್ನಾಗಿಯೇ ಇದ್ದೇನೆ. ಆದರೆ ಅಂದಿನಿಂದ ಇಂದಿನವರೆಗೆ ಒಂದು ಮೋಟಾರನ್ನೂ ನಾನು ಮುಟ್ಟಿಲ್ಲ. ಕೆಳಮನೆಯವರು ಮಾತ್ರ ಲಾಂಡ್ರಿ ರೂಮಿನಲ್ಲಿ ಸಿಕ್ಕಾಗಲೆಲ್ಲ ಏನೂ ಆಗಿಲ್ಲವೆಂಬಂತೆ, "ಹೇಗುಂಟು ಕೆಲಸ?" ಎಂದು ಕೇಳುತ್ತಿದ್ದರು.

ಅವರು ತೀರಿಕೊಂಡು ಹದಿಮೂರು ದಿನವಾಯಿತು. ಹೆಂಡತಿ ಫೋನು ಮಾಡಿ ಕರೆದರೆಂದು ಮೊನ್ನೆ ಭಾನುವಾರ ದೇವಸ್ಥಾನದ ಹಾಲಿಗೆ ಹೋದೆ. ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬೊಬ್ಬರಾಗಿ ಎದ್ದು ಅವರ ಶಿಸ್ತನ್ನು ಹೊಗಳಿದರು. ನೀವೂ ನಾಲ್ಕು ಮಾತಾಡಿ ಎಂದಾಗ ಕೈಯಾಡಿಸಿ ಒಲ್ಲೆನೆಂದೆ. ಊಟದ ಹೊತ್ತಿಗೆ ಮಗಳು ಪಕ್ಕದಲ್ಲಿ ಬಂದು ಕೂತಳು. ಆಗಿನ ಪುಟ್ಟ ಹುಡುಗಿ, ಈಗ ಡಾಕ್ಟರು.

"ಆಂಟಿ, ಕ್ಯಾನ್ ಐ ಟೆಲ್ ಯೂ ಸಮ್‌ಥಿಂಗ್? ಅಪ್ಪ ನಿಮ್ಮ ಬಗ್ಗೆ ಹೇಳ್ತಾ ಇದ್ರು. ಮೇಲಿನ ಮನೆ ಹುಡುಗಿಯ ದೊಡ್ಡ ಕೆಲಸ ನಾನು ಹಾಳು ಮಾಡಿದೆ, ಅದೊಂದು ನನ್ನ ತಪ್ಪು ಅಂತ. ಮೆನಿ ಟೈಮ್ಸ್. ಏನಾಯ್ತು ಅಂತ ಮಾತ್ರ ಹೇಳ್ತಿರ್ಲಿಲ್ಲ."

"ಯಾವಾಗ ಹೇಳ್ತಿದ್ರು?"

"ಆಲ್ವೇಸ್. ನಾವು ಅಲ್ಲೇ ಇದ್ವಲ್ಲ, ನಿಮ್ಮ ಕೆಳಗಡೆ, ಆವಾಗಿಂದ."

ಮನೆಗೆ ಬಂದ ಮೇಲೂ ಆ ಮಾತನ್ನೇ ಮೆಲುಕು ಹಾಕುತ್ತಿದ್ದೇನೆ. ಅವರು ಮರೆತಿದ್ದಾರೆ ಎಂದುಕೊಂಡು ಇಷ್ಟು ವರ್ಷ ಸಿಟ್ಟು ಮಾಡಿಕೊಂಡಿದ್ದೆ. ಮರೆತಿರಲಿಲ್ಲ. ಇನ್ನು ಬಯ್ಯಲೂ ಅವರಿಲ್ಲ, ಕ್ಷಮಿಸು ಎಂದು ನನ್ನನ್ನು ಕೇಳಲೂ ಅವರಿಲ್ಲ. ಅವರ ಬಾಗಿಲಿನಿಂದ ನನ್ನ ಬಾಗಿಲಿಗೆ ಇದ್ದದ್ದು ಹದಿನಾಲ್ಕು ಮೆಟ್ಟಿಲು. ಆಮೇಲೂ ಮೂರು ವರ್ಷ ಅಲ್ಲೇ ಇದ್ದರು. ಒಂದು ದಿನವೂ ಹತ್ತಿ ಬರಲಿಲ್ಲ.