ಕೇಬಲ್ ಮಾಮನ ‘ಬೆನ್ನಿಗೆ ಬೆನ್ನು’

ಕೇಬಲ್ ಮಾಮನ ಮೀಸೆಯ ಎಡಭಾಗ ಯಾವಾಗಲೂ ಬಲಭಾಗಕ್ಕಿಂತ ಹೆಚ್ಚು ಕಪ್ಪಾಗಿರುತ್ತಿತ್ತು. ಮನೆಯಲ್ಲಿ ಬಣ್ಣ ಹಚ್ಚಿಕೊಂಡರೆ ಮಾಮಿ ನಗುತ್ತಾರೆಂದು ಅವರು ಅಂಗಡಿಯ ಮುಂದೆ ನಿಲ್ಲಿಸಿದ ಸ್ಕೂಟರಿನ ಕನ್ನಡಿಯಲ್ಲಿ ನೋಡಿಕೊಂಡು ಹಚ್ಚಿಕೊಳ್ಳುತ್ತಿದ್ದರು. ಸ್ಕೂಟರಿಗೆ ಉಳಿದಿದ್ದದ್ದು ಒಂದೇ ಕನ್ನಡಿ. ಅದರಲ್ಲಿ ಮುಖದ ಅರ್ಧವಷ್ಟೇ ಕಾಣುತ್ತಿತ್ತು. ಉಳಿದರ್ಧವನ್ನು ಅಂದಾಜಿನ ಮೇಲೆ ಮುಗಿಸುತ್ತಿದ್ದರು. ಆ ಅಂದಾಜು ಎಂದೂ ಸರಿ ಬಂದದ್ದನ್ನು ನಾನು ಕಾಣೆ.

ನಾನು ಮದುವೆಯಾಗಿ ಹೊನ್ನಾವರಕ್ಕೆ ಬರುವ ಹೊತ್ತಿಗೆ ಅವರ ಕೇಬಲ್ ವ್ಯವಹಾರ ಮುಗಿದು ಎಷ್ಟೋ ವರ್ಷಗಳಾಗಿದ್ದವು. ಮಾಡಿನ ಮೇಲೆ ಡಿಶ್ ಬಂದವು, ಆಮೇಲೆ ಕೈಗೆ ಮೊಬೈಲ್ ಬಂತು, ಅವರ ವಯರುಗಳು ತೆಂಗಿನ ಮರದಿಂದ ಮರಕ್ಕೆ ಸುಮ್ಮನೆ ಜೋತುಬಿದ್ದವು. ಅವರು ಅದೇ ಅಂಗಡಿಯಲ್ಲಿ ಮಿಕ್ಸಿ ರಿಪೇರಿಗೆ ಕೂತರು. ಹೆಸರು ಮಾತ್ರ ಕೇಬಲ್ ಮಾಮ ಎಂದೇ ಉಳಿಯಿತು. ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದು ಮೊಣಕಾಲೆತ್ತರದ ಕಲ್ಲಿನ ಪಾಗಾರ. ಅವರು ಗೇಟಿನಿಂದ ಬಂದದ್ದು ಕಡಿಮೆ, ಪಾಗಾರ ದಾಟಿ ಬಂದದ್ದೇ ಹೆಚ್ಚು.

ಕೇಬಲ್ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ ಅಂಗಡಿಯ ಮಾಳಿಗೆಯ ಕೋಣೆಯಿಂದ ಅವರು ಊರಿನದೇ ಒಂದು ಚಾನೆಲ್ ನಡೆಸುತ್ತಿದ್ದರಂತೆ. ಭಾನುವಾರ ಬೆಳಿಗ್ಗೆ ಅದರಲ್ಲಿ ‘ಬೆನ್ನಿಗೆ ಬೆನ್ನು’ ಎಂಬ ಆಟ. ಗಂಡ ಹೆಂಡತಿ ಬೆನ್ನಿಗೆ ಬೆನ್ನು ಹಚ್ಚಿ ಕುರ್ಚಿಯಲ್ಲಿ ಕೂರಬೇಕು, ಇಬ್ಬರ ಕೈಗೂ ಒಂದೊಂದು ಸ್ಲೇಟು. ಮಾಮ ಪ್ರಶ್ನೆ ಕೇಳುತ್ತಾರೆ, ಇಬ್ಬರೂ ಉತ್ತರ ಬರೆದು ಎತ್ತಿ ತೋರಿಸುತ್ತಾರೆ. ಎರಡೂ ಒಂದೇ ಆದರೆ ಮಾಮ ಸ್ಟೀಲಿನ ಹರಿವಾಣಕ್ಕೆ ಸೌಟಿನಿಂದ ಹೊಡೆಯುತ್ತಾರೆ. ಹಿಂದಿನ ಪರದೆ ಮಾಮಿಯ ಹೊಸ ಬೆಡ್‌ಶೀಟು. ದೊಡ್ಡ ಚಾನೆಲ್ಲುಗಳಲ್ಲಿ ಬೊಂಬಾಯಿಯ ನಟರು ಮಾತಾಡುತ್ತಿದ್ದಾಗಲೂ ಊರು ಈ ಬೆಡ್‌ಶೀಟನ್ನೇ ನೋಡುತ್ತಿತ್ತು, ಯಾಕೆಂದರೆ ಅದರ ಮುಂದೆ ಕೂತಿರುತ್ತಿದ್ದವರು ಪಕ್ಕದ ಮನೆಯವರು.

ಆ ಆಟವನ್ನು ಮತ್ತೆ ಶುರು ಮಾಡಬೇಕೆಂಬ ಹುಚ್ಚು ಅವರಿಗೆ ಹತ್ತಿದ್ದು ಅರವತ್ತು ದಾಟಿದ ಮೇಲೆ. ರಿಪೇರಿಗೆ ಬಂದವರು ಮಿಕ್ಸಿ ಕೊಟ್ಟು ಬೆಂಚಿನ ಮೇಲೆ ಕೂತು ಫೋನಿಗೆ ಮುಖ ಹಾಕುತ್ತಾರೆ, ಒಬ್ಬರಿಗೊಬ್ಬರು ಮಾತಾಡುವುದಿಲ್ಲ ಎಂಬುದು ಅವರ ದೊಡ್ಡ ಸಂಕಟವಾಗಿತ್ತು. ಅದಕ್ಕೆ ಅವರದೇ ಭಾಷೆಯಲ್ಲಿ ಒಂದು ಕಾರಣವೂ ಇತ್ತು. “ಸಿಗ್ನಲ್ ಎಲ್ಲರಲ್ಲೂ ಅದೆ. ಆಂಟೆನಾ ತಿರುಗ್ಸೂರು ಇಲ್ಲ, ಅಷ್ಟೇಯ” ಎನ್ನುತ್ತಿದ್ದರು. ಪಂಚಾಯಿತಿ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನಾನು ಅವರ ಕಣ್ಣಿಗೆ ತಂತ್ರಜ್ಞೆಯಾಗಿ ಕಂಡೆ. ಒಂದು ದಿನ ಪಾಗಾರ ದಾಟಿ ಬಂದು, ಆಮಂತ್ರಣವನ್ನು ಊರಿನವರ ವಾಟ್ಸ್ಯಾಪಿಗೆಲ್ಲ ಕಳಿಸಿಕೊಡು ಎಂದರು. ಫೋನನ್ನು ಬೈಯುತ್ತಲೇ ಫೋನಿನಲ್ಲಿ ಕರೆಯುವುದೇನೆಂದು ನಾನು ಕೇಳಿದೆ. ಅವರು ನಕ್ಕರು. ಮೊದಲು ಹುಬ್ಬು ಮೇಲೇರುತ್ತಿತ್ತು, ನಗು ಆಮೇಲೆ ಬರುತ್ತಿತ್ತು.

ಮೊದಲ ಪ್ರಯೋಗ ನಮ್ಮ ಕೇರಿಯ ಸಮುದಾಯ ಭವನದಲ್ಲಿ ನಡೆಯಿತು. ಪೂರ್ತಿ ಮಣ್ಣುಪಾಲಾಯಿತು. ಮಾಮ ಹಳೆಯ ಪ್ರಶ್ನೆಗಳನ್ನೇ ಇಟ್ಟುಕೊಂಡಿದ್ದರು. ಮದುವೆಯ ದಿನ ಹೆಂಡತಿ ಉಟ್ಟ ಸೀರೆಯ ಬಣ್ಣ ಯಾವುದೆಂದು ಕೇಳಿದರೆ ಹೊಸ ಕಾಲದ ಗಂಡ ಮೆಲ್ಲಗೆ ಫೋನು ತೆಗೆದು ಫೋಟೋ ನೋಡಿ ಬರೆದ. ಗಂಡನಿಗೆ ಇಷ್ಟದ ಅಡುಗೆ ಯಾವುದೆಂದು ಕೇಳಿದಾಗ ಒಬ್ಬ ಹುಡುಗಿ ಎದ್ದು ನಿಂತು, ನಮ್ಮ ಮನೆಯಲ್ಲಿ ಅಡುಗೆ ಮಾಡುವವರು ಅವರೇ, ಅವರನ್ನೇ ಕೇಳಿ ಎಂದಳು. ಹಿಂದಿನ ಸಾಲಿನ ಕಾಲೇಜು ಹುಡುಗರು ಒಬ್ಬೊಬ್ಬರಾಗಿ ಎದ್ದು ಹೋದರು. ಕೊನೆಗೆ ಉಳಿದದ್ದು ಹಳೆಯ ಚಾನೆಲ್ಲಿನಲ್ಲಿ ಆಡಿ ಬಹುಮಾನ ಗೆದ್ದಿದ್ದ ಕೆಲವು ಮುದುಕರು ಮಾತ್ರ. ಅವರಿಗೆ ಉತ್ತರಗಳೆಲ್ಲ ಬಾಯಿಪಾಠ.

ಎಲ್ಲ ಹೋದ ಮೇಲೆ ಮಾಮ ಭವನದ ಮೆಟ್ಟಿಲ ಮೇಲೆ ಕೂತು ಕೋಕಮ್ ಶರಬತ್ತು ಕುಡಿದರು. ನಾನು ಸಮಾಧಾನ ಹೇಳಲು ಹೋದೆ. ಅವರಿಗೆ ಅದು ಬೇಕಿರಲಿಲ್ಲ. ಆಗಲೇ ಬೇರೇನೋ ಲೆಕ್ಕ ಹಾಕುತ್ತಿದ್ದರು.

“ಪ್ರಶ್ನೆ ಹಳೇದಾತು, ಜನ ಅಲ್ಲ” ಎಂದರು. ಲೋಟ ಕೆಳಗಿಟ್ಟು, “ಗಂಡ ಹೆಂಡ್ತಿನೇ ಎಂತಕ್ಕೆ ಬೇಕು? ಒಂದೇ ಮಾಡಿನ ಕೆಳಗೆ ಇರೂರು ಯಾರಾದ್ರೂ ಆತಲ್ಲ” ಎಂದು ನನ್ನ ಮುಖ ನೋಡಿದರು. ಆ ನೋಟ ನನಗೆ ಸರಿಬರಲಿಲ್ಲ.

ಇಲ್ಲಿ ನಮ್ಮ ಮನೆಯ ಸಂಗತಿ ಹೇಳಬೇಕು. ನಾನು ಧಾರವಾಡದ ಕಡೆಯವಳು, ಹುಟ್ಟಾ ಶಾಕಾಹಾರಿ. ಪ್ರೀತಿಸಿ ಮದುವೆಯಾಗಿ, ಮೀನಿಲ್ಲದೆ ಊಟ ಇಳಿಯದ ಮನೆಗೆ ಬಂದವಳು. ಅತ್ತೆ ನನ್ನನ್ನು ಒಂದು ದಿನವೂ ಬೈದವರಲ್ಲ. ಆದರೆ ನಾನು ಬಂದ ವಾರದಲ್ಲೇ ಅವರು ಮೀನಿನ ಅಡುಗೆಯನ್ನು ಹಿತ್ತಲಿನ ಕಟ್ಟಿಗೆ ಒಲೆಗೆ ಸಾಗಿಸಿಬಿಟ್ಟರು. ತಮ್ಮ ಪಾತ್ರೆ, ತಮ್ಮ ಮಣೆ ಎಲ್ಲವೂ ಹೊರಗೆ. ನಾನು ಒಳಗೆ ಗ್ಯಾಸಿನ ಮುಂದೆ, ಅವರು ಹೊರಗೆ ಹೊಗೆಯಲ್ಲಿ. ನನ್ನನ್ನು ಬೇರೆ ಇಟ್ಟರು ಎಂದು ನನ್ನ ಮನಸ್ಸು ತೀರ್ಮಾನಿಸಿತು. ಕೇಳುವ ಧೈರ್ಯವಾಗಲಿಲ್ಲ. ಅವರೂ ಏನೂ ಹೇಳಲಿಲ್ಲ. ಹೀಗೆ ನಾಲ್ಕೈದು ವರ್ಷ ನಾವಿಬ್ಬರೂ ಬಹಳ ಮರ್ಯಾದೆಯಿಂದ, ಬಹಳ ಕಡಿಮೆ ಮಾತಿನಲ್ಲಿ ಬದುಕಿದ್ದೆವು. ಉಪ್ಪು ಮುಗಿದಿದೆ ಎಂಬ ಸುದ್ದಿಯೂ ನನ್ನ ಗಂಡನ ಮೂಲಕವೇ ಹೋಗಬೇಕಿತ್ತು.

ಪಾಗಾರದ ಆಚೆಯಿಂದ ಮಾಮ ಇದನ್ನೆಲ್ಲ ಕಂಡಿದ್ದರು. ಎರಡನೇ ಸಲದ ಆಟಕ್ಕೆ ಅವರು ಅತ್ತೆಯನ್ನೂ ನನ್ನನ್ನೂ ಬೇರೆ ಬೇರೆಯಾಗಿ ಒಪ್ಪಿಸಿದರು. ಅತ್ತೆಗೆ ಸೊಸೆ ಬಹಳ ಆಸೆಪಟ್ಟಿದ್ದಾಳೆ ಎಂದೂ ನನಗೆ ಅತ್ತೆ ಬಹಳ ಆಸೆಪಟ್ಟಿದ್ದಾರೆ ಎಂದೂ ಹೇಳಿದ್ದರಂತೆ. ಇದು ಹೊರಬಿದ್ದದ್ದು ಆಮೇಲೆ.

ಆ ದಿನ ಭವನದ ಬಾಗಿಲಲ್ಲಿ ಮಾಮ ಬಿದಿರಿನ ಬುಟ್ಟಿ ಇಟ್ಟು ಎಲ್ಲರ ಫೋನನ್ನೂ ಅದರಲ್ಲಿ ಹಾಕಿಸಿಕೊಂಡರು. ವೇದಿಕೆಗೆ ಮೊದಲು ಒಂದೇ ಸ್ಟ್ಯಾಂಡಿನ ಇಬ್ಬರು ರಿಕ್ಷಾದವರು ಬಂದರು, ಆಮೇಲೆ ಅಕ್ಕ ತಂಗಿ. ಜನ ನಗತೊಡಗಿದ್ದರು. ಮೂರನೆಯ ಜೋಡಿ ನಾವು. ಅತ್ತೆಯ ಬೆನ್ನು ನನ್ನ ಬೆನ್ನಿಗೆ ತಾಗಿತು. ಅವರನ್ನು ಅಷ್ಟು ಹತ್ತಿರದಿಂದ ಮುಟ್ಟಿದ್ದು ಅದೇ ಮೊದಲಿರಬೇಕು.

ಮನೆಯಲ್ಲಿ ಯಾರೂ ಇಲ್ಲದಾಗ ಸೊಸೆ ಎಂತ ತಿನ್ನುತ್ತಾಳೆ ಎಂಬುದು ಮೊದಲ ಪ್ರಶ್ನೆ. ನಾನು ಮಂಡಕ್ಕಿ, ಹಸಿಮೆಣಸಿನಕಾಯಿ ಎಂದು ಬರೆದೆ. ತವರಿನಿಂದ ತಂದು ಡಬ್ಬಿಯ ಹಿಂದೆ ಅಡಗಿಸಿಟ್ಟ ಮಂಡಕ್ಕಿ ಅದು. ಅತ್ತೆಯ ಸ್ಲೇಟಿನಲ್ಲಿ ‘ಮಂಡಕ್ಕಿ. ನಿಂತ್ಕಂಡೇ ತಿಂತದೆ’ ಎಂದಿತ್ತು. ಹರಿವಾಣ ಢಣ್ ಎಂದಿತು. ಅತ್ತೆ ಯಾವುದಕ್ಕೆ ಹೆದರುತ್ತಾರೆ ಎಂಬುದು ಎರಡನೆಯದು. ಅವರು ‘ಎಂತದಕ್ಕೂ ಇಲ್ಲ’ ಎಂದು ಬರೆದಿದ್ದರು. ನಾನು ‘ಎಂತದಕ್ಕೂ ಇಲ್ಲ ಅಂತ ಬರೆದಿರುತ್ತಾರೆ. ಜಿರಳೆಗೆ’ ಎಂದು ಬರೆದಿದ್ದೆ. ಭವನ ಬಿದ್ದು ಬಿದ್ದು ನಕ್ಕಿತು. ಬೆನ್ನಿನ ಆಚೆ ಅತ್ತೆಯೂ ನಗುತ್ತಿರುವುದು ನನಗೆ ಮೈಯಲ್ಲೇ ತಿಳಿಯಿತು. ಮಾಮ ತುಸು ಯೋಚಿಸಿದಂತೆ ಮಾಡಿ, ಇದು ಎರಡೆರಡು ಸಲ ಸರಿಯಾಗಿದೆ ಎಂದು ತೀರ್ಪು ಕೊಟ್ಟು ಹರಿವಾಣಕ್ಕೆ ಎರಡು ಪೆಟ್ಟು ಹಾಕಿದರು.

ಹೀಗೆ ಕೇಳಿದ್ದಕ್ಕೆಲ್ಲ ಉತ್ತರ ಕೂಡುತ್ತಾ ಹೋಯಿತು. ಮಾತಾಡದೆ ಇದ್ದ ಅಷ್ಟೂ ಕಾಲ ನಾವಿಬ್ಬರೂ ಒಬ್ಬರನ್ನೊಬ್ಬರು ಬರೀ ನೋಡುತ್ತಲೇ ಇದ್ದೆವು ಎಂದು ನನಗೆ ಹೊಳೆದದ್ದು ಆ ಕುರ್ಚಿಯ ಮೇಲೆ.

ಕೊನೆಯ ಪ್ರಶ್ನೆ ಕೇಳುವಾಗ ಮಾಮ ಮೈಕನ್ನು ಬಾಯಿಂದ ಸ್ವಲ್ಪ ದೂರ ಹಿಡಿದರು. ಸೊಸೆಗೆ ಅತ್ತೆಯ ಮೇಲೆ ಇರುವ ಸಿಟ್ಟು ಯಾವುದು? ನನ್ನ ಕೈ ಯೋಚಿಸದೆ ‘ಹಿತ್ತಲಿನ ಒಲೆ’ ಎಂದು ಬರೆಯಿತು. ಅತ್ತೆ ‘ಮಾತಾಡೂದು ಕಮ್ಮಿ’ ಎಂದು ಬರೆದಿದ್ದರು. ಉತ್ತರ ಕೂಡಲಿಲ್ಲ. ಒಲೆ ಎಂದರೆ ಎಂತದು ಎಂದು ಮಾಮ ಕೇಳಿದರು. ಅಷ್ಟು ಜನರ ಮುಂದೆ ಸುಳ್ಳು ಹೇಳಲು ಬರಲಿಲ್ಲ. ನನ್ನನ್ನು ಬೇರೆ ಇಡುವುದಕ್ಕೇ ಅತ್ತೆ ಹೊರಗೆ ಅಡುಗೆ ಮಾಡುತ್ತಾರೆ ಎಂದುಬಿಟ್ಟೆ.

ಕುರ್ಚಿ ಕಿರ್ರೆಂದಿತು. ಅತ್ತೆ ಆಟದ ನಿಯಮ ಮುರಿದು ನನ್ನ ಕಡೆ ತಿರುಗಿದ್ದರು.

“ಅಲ್ಲ ಮಾರಾಯ್ತಿ, ಮೀನಿನ ವಾಸನೆ ನಿಂಗೆ ಆಗೂದಿಲ್ಲ ಅಂದ್ಕಂಡು ನಾ ಹೊರಗೆ ಹೋದದ್ದು. ಹೊಗೆಗೆ ಕಣ್ಣು ಕೆಂಪಾದ್ರೂ ನಿಂಗೆ ಹೇಳಿಲ್ಲ. ನೀ ಇದನ್ನ ಹೀಂಗೆ ತಿಳ್ಕಂಡ್ಯ?”

ನಾನು ಅವರ ಸೆರಗಿನಲ್ಲಿ ಮುಖ ಒರೆಸಿಕೊಂಡೆ, ಆ ಸೆರಗಿಗೆ ಹೊಗೆಯ ವಾಸನೆಯಿತ್ತು. ಬೇರೆ ನಿರೂಪಕರಾಗಿದ್ದರೆ ಆ ಹೊತ್ತಿನಲ್ಲಿ ಚಪ್ಪಾಳೆ ಹೊಡೆಯಿರಿ ಎನ್ನುತ್ತಿದ್ದರು. ಮಾಮ ಮೈಕಿನ ಗುಂಡಿ ಒತ್ತಿ ಬಂದ್ ಮಾಡಿದರು. ಬರೀ ಬಾಯಲ್ಲಿ, “ಇದಕ್ಕೆ ಮಾರ್ಕಿಲ್ಲ. ನೀವು ಮಾತಾಡಿ ಮುಗ್ಸಿ. ನಾವೆಲ್ಲ ಕಾಯ್ತೇವೆ” ಎಂದು ಹೇಳಿ ವೇದಿಕೆಯ ಮೆಟ್ಟಿಲ ಮೇಲೆ ಹೋಗಿ ಕೂತರು. ಜನ ನಿಜಕ್ಕೂ ಕಾದರು. ಬುಟ್ಟಿಯಲ್ಲಿ ಯಾರದೋ ಫೋನು ಹೊಡೆದುಕೊಳ್ಳುತ್ತಿತ್ತು. ಅದರ ಕಡೆ ಯಾರೂ ಹೋಗಲಿಲ್ಲ.

ಮಾರನೆಯ ದಿನ ಅತ್ತೆಯ ಪಾತ್ರೆಗಳು ಒಳಗೆ ಬಂದವು. ಮೀನು ಬೇಯುವಾಗ ನನಗೆ ಹೊಟ್ಟೆ ತೊಳಸಿದ್ದೂ ಸುಳ್ಳಲ್ಲ. ಕಿಟಕಿ ತೆರೆದು, ಮೂಗಿಗೆ ಸೆರಗು ಹಿಡಿದು, ಅಲ್ಲೇ ನಿಂತು ಮಾತಾಡಿದೆ. ನನ್ನ ಮಂಡಿನೋವು ನೋಡಿ, ಮೀನಿನವಳಿಗೆ ನಮ್ಮ ಬಾಗಿಲವರೆಗೂ ಬಂದು ಹೋಗು ಎಂದು ಹೇಳಿದವಳು ನೀನೇ ಅಲ್ಲವೇ ಎಂದು ಅತ್ತೆ ಕೇಳಿದರು. ಅವರಿಗೆ ಅದೂ ಗೊತ್ತಿತ್ತು.

ಆಮೇಲೆ ಮಾಮನ ಆಟಕ್ಕೆ ಕರೆಯ ಮೇಲೆ ಕರೆ ಬಂತು. ಅಘನಾಶಿನಿಯಲ್ಲಿ ಹೊಳೆಗಿಳಿದು ಬಳಚಿನ ಚಿಪ್ಪು ಆರಿಸುವ ಹೆಂಗಸರು ಆಡಿದರು. ಬರೆಯಲು ಬಾರದವರು ಸ್ಲೇಟಿನ ಮೇಲೆ ಚಿತ್ರ ಬಿಡಿಸಬಹುದು ಎಂಬ ನಿಯಮ ಬಂದದ್ದು ಅಲ್ಲಿ. ಒಬ್ಬಳು ಬಿಡಿಸಿದ್ದು ನಾಯಿಯೋ ನಾದಿನಿಯೋ ಎಂದು ಬಹಳ ಚರ್ಚೆಯಾಯಿತು. ಭಟ್ಕಳದ ಒಂದು ಶಾಲೆಯವರು ಮಕ್ಕಳ ತಂದೆತಾಯಿಗಳಿಗೆ ಆಡಿಸಿ ಎಂದು ಕರೆದರು. ಮಾಮ ತಮ್ಮ ಮನೆಯ ಕೊಂಕಣಿಯನ್ನೇ ಸ್ವಲ್ಪ ತಿರುಚಿ ಅಲ್ಲಿಯ ಮುಸ್ಲಿಮರ ನವಾಯತಿ ಭಾಷೆ ಮಾಡಿ ಮಾತಾಡಿದರೆ ತಾಯಂದಿರೆಲ್ಲ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕರು. ಅಲ್ಲೊಬ್ಬಾಕೆಗೆ ಆಡುವ ಆಸೆ, ಆದರೆ ಗಂಡ ದುಬೈಯಲ್ಲಿ. ವಿಡಿಯೋ ಕಾಲಿನಲ್ಲಿ ಕೂರಿಸಬಹುದೇ ಎಂದು ಆಕೆ ಸಂಕೋಚದಿಂದ ಕೇಳಿದರು. ಫೋನುಗಳನ್ನು ಬುಟ್ಟಿಗೆ ಹಾಕಿಸುವ ಮಾಮನೇ ಬುಟ್ಟಿಯಿಂದ ಆಕೆಯ ಫೋನು ತೆಗೆಸಿದರು. ಆಮೇಲೆ ತಾವೇ ಆ ಫೋನನ್ನು ಕುರ್ಚಿಯ ಮೇಲೆ, ಆಕೆಯ ಬೆನ್ನಿಗೆ ಬೆನ್ನು ಬರುವಂತೆ ನಿಲ್ಲಿಸಿ, ಬೀಳದಂತೆ ಎರಡು ಪುಸ್ತಕ ಆನಿಸಿದರು. ಆತ ರಟ್ಟಿನ ಪೆಟ್ಟಿಗೆಯ ಮೇಲೆ ಉತ್ತರ ಬರೆದು ತೋರಿಸುತ್ತಿದ್ದ. ಹೆಂಡತಿಯ ಅತಿ ಕೆಟ್ಟ ಅಭ್ಯಾಸ ಯಾವುದೆಂದು ಕೇಳಿದ ಹೊತ್ತಿಗೆ ನೆಟ್‌ವರ್ಕ್ ಕೈಕೊಟ್ಟು ಆತನ ಮುಖ ಬಾಯಿ ತೆರೆದ ಹಾಗೇ ನಿಂತುಹೋಯಿತು. ಜಾಣತನ ಮಾಡಿದರು ನಮ್ಮವರು ಎಂದು ಆಕೆ ಹೇಳಿದಾಗ ಎದ್ದ ನಗೆ ರಸ್ತೆಗೆ ಕೇಳಿಸಿರಬೇಕು. ಬರುವಾಗ ಬಸ್ಸಿನಲ್ಲಿ ಮಾಮ, “ಫೋನಿಗೆ ನಾ ಸುಮ್ನೆ ಬೈದೆ ಅಲ್ವ” ಎಂದರು. ಸೋತೆನೆಂಬ ಬೇಸರ ಆ ದನಿಯಲ್ಲಿ ಇರಲಿಲ್ಲ.

ಹೋದ ಮಳೆಗಾಲದ ಕೊನೆಗೆ ಅವರಿಗೆ ಎದೆನೋವು ಬಂತು. ಕುಮಟಾದ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದಾಗ ಪಕ್ಕದ ಹಾಸಿಗೆಯ ರೋಗಿಗೂ ಅವನ ಅಣ್ಣನಿಗೂ ಆಟ ಆಡಿಸುತ್ತಿದ್ದರು. ನರ್ಸು ಬೈದಳು. ಬೈದು, ಉತ್ತರ ಕೇಳಲು ಅಲ್ಲೇ ನಿಂತಳು. ಮಾಮಿ ನೀರು ತರಲು ಹೊರಗೆ ಹೋದಾಗ ಮಾಮ ನನ್ನನ್ನು ಹತ್ತಿರ ಕರೆದು, ಬಾಡ ಎಂಬ ಊರಿನವರಿಗೆ ಮಾತು ಕೊಟ್ಟಾಗಿದೆ, ನೀನು ಹೋಗಿ ಆಡಿಸಬೇಕು ಎಂದರು. ನನಗೆ ಮೈಕು ಹಿಡಿದು ಗೊತ್ತಿಲ್ಲ, ನಿಮ್ಮ ಹಾಗೆ ನಗಿಸಲು ಬರುವುದಿಲ್ಲ ಎಂದೆ.

“ನಗ್ಸೂದು ನಮ್ಮ ಕೆಲಸ ಅಲ್ಲ” ಎಂದರು. “ಪ್ರಶ್ನೆ ಕೇಳು, ಕೇಳಿ ಸುಮ್ನಿರು. ಸುಮ್ನಿರೂದೇ ಕಷ್ಟ. ಬಾಕಿದು ಅವ್ರೇ ಮಾಡ್ತಾರೆ.”

ಅದಾಗಿ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಹದಿಮೂರನೆಯ ದಿನದ ಊಟಕ್ಕೆ ಭಟ್ಕಳದಿಂದಲೂ ಅಘನಾಶಿನಿಯಿಂದಲೂ ಜನ ಬಂದಿದ್ದರು. ಯಾರಿಗೂ ಬೇಗ ಹೋಗುವ ಮನಸ್ಸಿರಲಿಲ್ಲ. ಚಪ್ಪರದ ಕೆಳಗೆ ಅವರ ಒಂದೊಂದೇ ಕಥೆ ಹೊರಬರುತ್ತಿತ್ತು. ದುಃಖದ ಮನೆಯಲ್ಲಿ ಹೀಗೆ ನಗಬಹುದೇ ಎಂದು ಯಾರೋ ಹಿಂಜರಿದಾಗ ಮಾಮಿಯೇ, ನಗಿ, ಅವರು ಕೇಳಿಕೊಂಡಿರಲಿ ಎಂದರು.

ಬಾಡಕ್ಕೆ ನಾನೂ ಅತ್ತೆಯೂ ಹೋದೆವು. ಮೀನು ಒಣಗಿಸುವ ಬಯಲಿನ ಪಕ್ಕ ಪೆಂಡಾಲ್ ಹಾಕಿದ್ದರು. ಮೊದಲ ಜೋಡಿ, ಸಂತೆಯಲ್ಲಿ ಎಷ್ಟೋ ವರ್ಷದಿಂದ ಅಕ್ಕಪಕ್ಕ ಕೂತು ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕರೆದುಕೊಂಡು ಜಗಳಾಡುತ್ತ ಬಂದ ಇಬ್ಬರು ಮೀನು ಮಾರುವ ಹೆಂಗಸರು. ನಿಮ್ಮ ಜೋಡಿಯವರು ಗಿರಾಕಿಗೆ ಹೇಳುವ ಅತಿ ದೊಡ್ಡ ಸುಳ್ಳು ಯಾವುದು ಎಂದು ಕೇಳಿದೆ. ಕೇಳಿ ಮುಗಿದ ಮೇಲೆ ನನ್ನ ಬಾಯಿಗೆ ಹತ್ತು ಮಾತು ಬಂತು. ಒಂದನ್ನೂ ಆಡಲಿಲ್ಲ. ಪೆಂಡಾಲಿನಲ್ಲಿ ಬಳಪದ ಸದ್ದು ಮಾತ್ರ ಇತ್ತು.

ಎರಡೂ ಸ್ಲೇಟು ಮೇಲೇರಿದವು. ಎರಡರಲ್ಲೂ ಅದೇ ಇತ್ತು: ‘ಈಗಷ್ಟೇ ದೋಣಿಯಿಂದ ಇಳಿದದ್ದು.’

ಮೊದಲು ನಕ್ಕವರು ಅವರಿಬ್ಬರೇ. ಒಬ್ಬರ ಸ್ಲೇಟನ್ನು ಒಬ್ಬರು ಬಗ್ಗಿ ನೋಡಿ, ಹೆಗಲಿಗೆ ಹೆಗಲು ಬಡಿಯುವ ಹಾಗೆ ನಕ್ಕರು. ನಗೆ ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಗಿ ಹೊರಗೆ ನಿಂತವರನ್ನೂ ಹಿಡಿಯಿತು. ಅದು ತಾನಾಗಿ ಇಳಿಯುವವರೆಗೂ ನಾನು ಕಾದೆ. ಇಬ್ಬರಲ್ಲಿ ಹಿರಿಯಳು ಕಣ್ಣೊರೆಸಿಕೊಂಡು ನನ್ನತ್ತ ನೋಡಿದಳು.

“ಮುಂದಿಂದು ಕೇಳು ಮಾರಾಯ್ತಿ” ಎಂದಳು.

ಕೇಳಿದೆ.