ದೋಣಿಯೊಳಗಿನ ನಾಲ್ವರು

ಭದ್ರಾವತಿಯಲ್ಲಿ ಅಂಗಡಿ ಬೋರ್ಡು ಬರೆದು ಬದುಕುವ ಹುಲಿಯಪ್ಪ ಹರೆಯದಲ್ಲಿ ಮಲ್ಪೆಯ ಮೀನುದೋಣಿಗಳಲ್ಲಿ ದುಡಿದವನು. ಒಂದು ಮಧ್ಯಾಹ್ನ ಬಿರುಗಾಳಿ ಎದ್ದು ಎಂಜಿನ್ ನಿಂತುಹೋಯಿತು. ದೋಣಿಯಲ್ಲಿದ್ದ ನಾಲ್ವರೂ ಕೈಗೆ ಸಿಕ್ಕಿದ್ದರಲ್ಲಿ ನೀರು ಮೊಗೆದು ಚೆಲ್ಲಿದರು. ದಡ ಕಾಣುವ ಹೊತ್ತಿಗೆ ಅಲೆಯೊಂದು ಗುರುವನ್ನು ಎಳೆದುಕೊಂಡು ಹೋಯಿತು. ಗುರು ಇವನ ಓಣಿಯವನೇ, ಜೊತೆಯಲ್ಲೇ ಊರು ಬಿಟ್ಟವನು. ಹುಲಿಯಪ್ಪ ಮತ್ತೆ ಕಡಲಿಗಿಳಿಯಲಿಲ್ಲ. ಊರಿಗೆ ಬಂದು ಕುಂಚ ಹಿಡಿದ.

ಹೋದ ವರ್ಷ ಶಿವಮೊಗ್ಗದ ವಿದ್ಯಾನಗರದಲ್ಲಿ ಮೀನಿನ ಹೋಟೆಲು ತೆರೆದ ರೂಪೇಶ್, ಗೋಡೆ ತುಂಬ ಕಡಲು ಬರೆಯಲು ಹುಲಿಯಪ್ಪನನ್ನು ಕರೆಸಿದ. ಫ್ಲೆಕ್ಸ್ ಬಂದ ಮೇಲೆ ಕೆಲಸವೇ ಇಲ್ಲದಿದ್ದವನಿಗೆ ಅದು ಹಬ್ಬ. ಮುಗಿಲಿಗೆ ತಾಗುವ ಅಲೆಗಳನ್ನು ಕಂಡು ರೂಪೇಶ್ ಹಿಗ್ಗಿದ. ಅಲೆಗಳ ನಡುವೆ ದೋಣಿ, ಅದರಲ್ಲಿ ನಾಲ್ಕು ಜನ ಮೂಡಿದಾಗ ಮಾತ್ರ ಅವನ ಮುಖ ಬಾಡಿತು. ಮುಳುಗುವವರನ್ನು ನೋಡುತ್ತಾ ಯಾರು ಊಟ ಮಾಡುತ್ತಾರೆ, ಇವರನ್ನು ಅಳಿಸಿಬಿಡು ಎಂದ.

"ಅವರು ಮುಳುಗ್ತಿಲ್ಲ ಮಾರಾಯ, ನೀರು ಎತ್ತಿ ಹಾಕ್ತಿದಾರೆ," ಎಂದ ಹುಲಿಯಪ್ಪ. "ಅವರು ಹೋದ್ರೆ ಕಡಲೂ ಹೋಗುತ್ತೆ."

ರೂಪೇಶ್ ಜಗ್ಗಲಿಲ್ಲ. ಹುಲಿಯಪ್ಪ ಸುಣ್ಣ ಕಲಸಿ, ಇಡೀ ಗೋಡೆಯನ್ನು ತನ್ನ ಕೈಯಾರೆ ಬೆಳ್ಳಗೆ ಮಾಡಿ ಬಸ್ಸು ಹತ್ತಿದ.

ಹೆಂಡತಿ ಕರಿಬಸಮ್ಮ ಬೈಯಬಹುದೆಂದು ಅಳುಕಿದ್ದ. ಅವಳು ಎಲ್ಲ ಕೇಳಿ, ಬೀದಿ ಕಡೆಯ ಗೋಡೆಗೆ ಒರಗಿಸಿದ್ದ ಸೌದೆಯನ್ನು ಒಂದೊಂದಾಗಿ ತೆಗೆದು ಜಾಗ ಮಾಡಿಕೊಟ್ಟಳು. ಅಲ್ಲಿ ಕಡಲು ಮೊದಲಿಗಿಂತ ಒರಟಾಗಿ ಎದ್ದಿತು. ನಾಲ್ವರೂ ಇನ್ನಷ್ಟು ದೊಡ್ಡವರಾದರು. ಓಣಿಯವರು ಮನೆ ಮುಂದೆ ಅಪಶಕುನ ಎಂದರೂ ಅವನು ಏಣಿಯಿಂದ ಇಳಿಯಲಿಲ್ಲ.

ಸುದ್ದಿ ಕೇಳಿ ಗುರುವಿನ ತಾಯಿ ಬಂಗಾರಮ್ಮ ಹೊಳೆಹೊನ್ನೂರಿನ ಮಗಳ ಮನೆಯಿಂದ ಬಂದಳು. ಕೋಲೂರಿಕೊಂಡು ಗೋಡೆಯ ಹತ್ತಿರಕ್ಕೆ ಹೋಗಿ ಮಗನನ್ನು ಗುರುತಿಸಿದಳು.

"ಅಷ್ಟು ಗಾಳಿಯಲ್ಲಿ ನನ್ನ ಮಗಂಗೆ ಅಂಗಿ ಇಲ್ವಾ?" ಎಂದಳು.

"ತಳದ ಹಲಗೆ ಬಾಯಿ ಬಿಟ್ಟಿತ್ತಮ್ಮ. ಮೊದಲು ಅಂಗಿ ಬಿಚ್ಚಿ ಸಂದಿಗೆ ತುರುಕಿದ್ದು ಅವನೇ. ಅದಕ್ಕೇ ನಾವು ಉಳಿದ್ವಿ."

ಮುದುಕಿ ಕೋಲೆತ್ತಿ ಮಗನ ತೋಳು ತೋರಿಸಿದಳು.

"ಹಂಗಾದ್ರೆ ಅಂಗಿ ಬೇಡ ಬಿಡು. ತೋಳು ಮಾತ್ರ ಸಣ್ಣ ಆಯ್ತು. ಗಟ್ಟಿ ಆಳು ಅವನು, ಸರಿಯಾಗಿ ಬರಿ."

ಹುಲಿಯಪ್ಪ ಅಲ್ಲೇ ಬಣ್ಣ ಕಲಸಲು ಕೂತ. ಕರಿಬಸಮ್ಮ ಬಂಗಾರಮ್ಮನಿಗೆ ಕುರ್ಚಿ ತಂದು ಹಾಕಿದಳು.